ಪೆನ್ಸಿಲ್ಲಿನ ಮಗ

ಕುರ್ಚಿಯಲ್ಲಿ ಕೂತಿದ್ದವರು ನಿವೃತ್ತರಾದ ಒಬ್ಬ ಬಸ್ ಕಂಡಕ್ಟರ್. ತಲೆಗೆ ಬೂದು ಬಣ್ಣದ ಟೊಪ್ಪಿಗೆ ತೊಡಿಸಿ, ಕಿವಿಗಳ ಹಿಂದೆ ಎರಡು ತಣ್ಣನೆಯ ಬಿಲ್ಲೆಗಳನ್ನು ಒತ್ತಿ ಕೂರಿಸಿದ್ದರು. ತೀರಿಕೊಂಡ ಅಕ್ಕನನ್ನು ನೆನೆಸಿಕೊಳ್ಳಿ ಎಂದು ಹೇಳಿದ ಮೇಲೆ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎದುರಿನ ಪರದೆಯಲ್ಲಿ ಒಂದು ಹಣೆ ಮೂಡಿತು, ಹಣೆಯ ಮೇಲೆ ಕುಂಕುಮ, ಕುಂಕುಮದ ಪಕ್ಕದಲ್ಲಿ ಹಳೆಯ ಗಾಯದ ಕಲೆ. ಕೆನ್ನೆಗೆ ಬಣ್ಣ ಬಂತು. ಮೇಲ್ದುಟಿಯ ಮೇಲೆ ಬೆವರೂ ಬಂತು. ಬಾಯಿ ಅರ್ಧ ತೆರೆದಿತ್ತು. ಜನ್ಮವಿಡೀ ಪ್ರಯಾಣಿಕರನ್ನು ಗದರಿಸಿಕೊಂಡೇ ಬಂದ ಆ ಮನುಷ್ಯ ಸಣ್ಣ ದನಿಯಲ್ಲಿ "ಬೈಯಾಕತ್ತಾಳ" ಎಂದು ಹೇಳಿ ಅಳತೊಡಗಿದರು.

ಹುಬ್ಬಳ್ಳಿ ಮತ್ತು ಧಾರವಾಡದ ನಡುವಿದ್ದ ಸ್ಮೃತಿ ಸಂಶೋಧನಾ ಕೇಂದ್ರದಲ್ಲಿ ಇದು ವಾರಕ್ಕೆ ನಾಲ್ಕಾರು ಸಲ ನಡೆಯುತ್ತಿದ್ದ ಕೆಲಸ. ಯಂತ್ರಕ್ಕೆ ಸರಕಾರಿ ಹೆಸರು 'ಸ್ಮೃತಿಬಿಂಬ'. ಅಂಥ ಹೆಸರನ್ನು ಕರೆಯುತ್ತ ಕೂರುವ ಪುರುಸೊತ್ತು ಯಾರಿಗಿದೆ? ಕೂಸುಗಳ ತಲೆಗೆ ಕಟ್ಟುವ ಟೊಪ್ಪಿಗೆಯ ಹಾಗೆ ಕಾಣುತ್ತಿದ್ದುದರಿಂದ ಜನ ಅದನ್ನು 'ಕುಲಾಯಿ' ಎಂದರು, ಅದೇ ನಿಂತಿತು. ಅದನ್ನು ಕಂಡುಹಿಡಿದ ಡಾ. ಇಂಚರಾ ಹಂಚಿನಮನಿಗೆ ಮೊದಮೊದಲು ಇದರಿಂದ ಸಿಟ್ಟು ಬರುತ್ತಿತ್ತು. ಕೊನೆಗೆ ಅವಳೂ "ಕುಲಾಯಿ ಹಾಕ್ರಿ" ಅನ್ನತೊಡಗಿದಳು.

ನಮ್ಮ ಮಿದುಳಿನ ತಳಭಾಗದಲ್ಲಿ, ಕಿವಿಯ ಹಿಂಬದಿಗೆ, ಮುಖಗಳನ್ನು ಗುರುತಿಸುವುದಕ್ಕೆಂದೇ ಒಂದು ಸಣ್ಣ ಜಾಗ ಇದೆ. ಯಾರನ್ನಾದರೂ ನೆನೆಸಿಕೊಂಡಾಗ, ಅವರನ್ನು ಕಣ್ಣಾರೆ ಕಂಡಾಗ ಮಿಡಿದಿದ್ದ ಕೋಶಗಳೇ ಅಲ್ಲಿ ಹೆಚ್ಚುಕಡಿಮೆ ಅದೇ ರೀತಿ ಮಿಡಿಯುತ್ತವೆ. ಆ ಮಿಡಿತದಿಂದ ಹುಟ್ಟುವ ಕಾಂತಕ್ಷೇತ್ರ ಎಷ್ಟು ಕ್ಷೀಣವೆಂದರೆ, ಪಕ್ಕದ ಕೋಣೆಯಲ್ಲಿ ಫ್ಯಾನು ತಿರುಗಿದರೂ ಮುಚ್ಚಿಹೋಗುತ್ತದೆ. ಅದನ್ನು ಹಿಡಿದು, ಬಿಡಿಸಿ, ಮತ್ತೆ ಮುಖವಾಗಿ ಜೋಡಿಸುವ ವಿದ್ಯೆಗೆ ಇಂಚರಾ ತನ್ನ ತಾರುಣ್ಯವನ್ನೆಲ್ಲ ಸುರಿದಿದ್ದಳು. ಯಂತ್ರ ಓದುವುದು ಮುಖವನ್ನು ಮಾತ್ರ. ದನಿ, ವಾಸನೆ, ಮುಟ್ಟಿದ ನೆನಪು ಇವು ಯಾವುವೂ ಅದಕ್ಕೆ ಸಿಕ್ಕುವುದಿಲ್ಲ.

ಸತ್ತವರ ಮುಖ ನೋಡಿ ಅಳುವುದಕ್ಕೆ ಇಷ್ಟೆಲ್ಲ ಖರ್ಚು ಯಾಕೆ ಎಂದು ಶಾಸನಸಭೆಯಲ್ಲಿ ಕೇಳಿದವರಿದ್ದರು. ಅವರ ಬಾಯಿ ಮುಚ್ಚಿಸಿದ್ದು ಕಳೆದುಹೋದ ಮಕ್ಕಳು. ಆ ಹೊತ್ತಿಗೆ ದೇಶದ ಪ್ರತಿಯೊಬ್ಬ ವಯಸ್ಕನ ಮುಖವೂ ಸರಕಾರದ ಮುಖಪಟ್ಟಿಯಲ್ಲಿ ಸೇರಿತ್ತು. ತಾಯಿ ತಂದೆಯ ನೆನಪಿನಿಂದ ಮಗುವಿನ ಮುಖ ತೆಗೆದು, ಅದಕ್ಕೆ ವಯಸ್ಸು ಏರಿಸಿ, ಪಟ್ಟಿಯ ಜೊತೆ ತಾಳೆ ಹಾಕಿದರೆ ಮಗು ಎಲ್ಲಿದೆ ಎಂದು ತಿಳಿಯುತ್ತಿತ್ತು. ರಕ್ತಸಂಬಂಧ ಹೇಳುವ ವಂಶವಾಹಿಯ ಪಟ್ಟಿ ಮಾಡುವುದನ್ನು ಕಾನೂನು ತಡೆದಿದ್ದರಿಂದ ಆ ಪರೀಕ್ಷೆ ನಡೆಯಬೇಕಾದರೆ ಇಬ್ಬರೂ ಸಿಕ್ಕಿ ಎಂಜಲು ಕೊಡಬೇಕು. ಇನ್ನೊಬ್ಬರನ್ನು ಹುಡುಕಿಕೊಡುವ ಕೆಲಸ ಕುಲಾಯಿಯದು. ಮೊದಲ ವರ್ಷವೇ ಎಷ್ಟೋ ಮನೆಗಳಿಗೆ ಮಕ್ಕಳು ಮೀಸೆ ಗಡ್ಡ ಬೆಳೆಸಿಕೊಂಡು ವಾಪಸು ಬಂದರು.

ಆ ಸುದ್ದಿ ಕೇಳಿ ಬಂದವಳು ರಕ್ಷಿತವ್ವ. ಈಗ ಅದು ಅಜ್ಜಿಯರ ಹೆಸರು. ಅವಳು ಹುಟ್ಟಿದ ಕಾಲಕ್ಕೆ ಭಾರೀ ಹೊಸದು. ಹುಬ್ಬಳ್ಳಿ ಸ್ಟೇಷನ್ನಿನ ಎದುರಿನ ಓಣಿಯಲ್ಲಿ ಅವಳದೊಂದು ಸಣ್ಣ ಖಾನಾವಳಿ. ಎಲ್ಲ ಕಡೆ ಯಂತ್ರ ರೊಟ್ಟಿ ಬಂದು ಕೂತ ಮೇಲೂ ಕೈಯಲ್ಲೇ ಬಡಿಯುತ್ತಿದ್ದಳು. ಕೇಂದ್ರಕ್ಕೆ ಬರುವಾಗೆಲ್ಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುವಳು. ಸರದಿ ಇನ್ನೂ ಬಂದಿಲ್ಲ ಎಂದರೆ ಜಗಳವಾಡದೆ, ಬುತ್ತಿಯನ್ನು ಯಾರ ಕೈಗಾದರೂ ಕೊಟ್ಟು ಹೋಗಿಬಿಡುವಳು. ಮೂವತ್ತೆರಡು ವರ್ಷ ಕಾದವಳಿಗೆ ಇನ್ನೆರಡು ತಿಂಗಳು ಏನು ಮಹಾ.

ಅವಳಿಗೆ ಹುಟ್ಟಿದ ಮೊದಲ ಎರಡು ಕೂಸು ಉಳಿಯಲಿಲ್ಲ. ಮೂರನೆಯದು ಗಂಡು. ಇದಾದರೂ ಉಳಿಯಲೆಂದು ಅತ್ತೆ ಅದನ್ನು ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು ತಿಪ್ಪಣ್ಣ ಎಂದು ಹೆಸರಿಟ್ಟಳು. ಅಂಥ ಹೆಸರಿದ್ದರೆ ಯಾರ ಕಣ್ಣೂ ಬೀಳುವುದಿಲ್ಲವಂತೆ. ಅಷ್ಟಕ್ಕೇ ಬಿಡದೆ, ಹಾಲುಹಲ್ಲು ಬೀಳುವತನಕ ಫೋಟೋ ತೆಗೆಸಕೂಡದು ಎಂದು ಹರಕೆಯನ್ನೂ ಹೊತ್ತಳು. ಎಲ್ಲರ ಕೈಯಲ್ಲೂ ಫೋನು ಇದ್ದ ಕಾಲ. ಬಂಧುಗಳ ಮದುವೆಗೆ ಹೋದರೆ ರಕ್ಷಿತವ್ವ ಮಗನ ಮುಖಕ್ಕೆ ಸೆರಗು ಮುಚ್ಚಿಕೊಂಡು ಹಿಂದೆ ಕೂರುತ್ತಿದ್ದಳು. ಶಾಲೆಗೆ ಹಾಕುವಾಗ ಹೇಗೂ ತೆಗೆಸಲೇಬೇಕಲ್ಲ, ಅಲ್ಲಿಯವರೆಗೆ ಅತ್ತೆಯ ಮಾತು ನಡೆಯಲಿ ಎಂದುಕೊಂಡಿದ್ದಳು.

ಆಗ ಅವಳು ರೊಟ್ಟಿ ಬುಟ್ಟಿ ಹೊತ್ತು ರೈಲಿನವರಿಗೆ ಮಾರುತ್ತಿದ್ದಳು. ಹುಬ್ಬಳ್ಳಿಯ ಪ್ಲಾಟ್‌ಫಾರ್ಮಿನ ಉದ್ದ ಗೊತ್ತಲ್ಲ, ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುವುದಿಲ್ಲ. ಬುಟ್ಟಿ ಇಳಿಸುವುದಕ್ಕೆ ಮಗನ ಬೆರಳು ಬಿಟ್ಟಳು. ರೊಟ್ಟಿ ಕೊಟ್ಟು ತಿರುಗುವಷ್ಟರಲ್ಲಿ ಸೋಲಾಪುರದ ಗಾಡಿ ಹೊರಟಿತ್ತು, ಮಗ ಇರಲಿಲ್ಲ. ಅವನಿಗೆ ಐದು ವರ್ಷ ತುಂಬಿ ಸ್ವಲ್ಪ ದಿನವಾಗಿತ್ತು, ಅಷ್ಟೇ.

ಇಷ್ಟನ್ನೂ ಅವಳು ಇಂಚರಾಳಿಗೆ ಅಳದೆ ಹೇಳಿದಳು. ಹುಡುಗನ ಫೋಟೋ ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ, ಒಂದೂ ಇಲ್ಲ ಎಂದಳು. ಇಂಚರಾಳಿಗೆ ಒಳಗೊಳಗೇ ಸಂತೋಷವಾಯಿತು. ಫೋಟೋ ಇಲ್ಲದ ಮುಖವೆಂದರೆ ತಾಯಿಯ ಕಣ್ಣು ಕಂಡದ್ದು ಮಾತ್ರ ಒಳಗಿದೆ, ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗದು ಎಂದುಕೊಂಡಳು. ವಿಜ್ಞಾನಿಗಳ ಸಂತೋಷಕ್ಕೆ ಹೊತ್ತುಗೊತ್ತು ಇರುವುದಿಲ್ಲ.

ಕುಲಾಯಿ ಹಾಕಿದರು. ಮುಖ ಬೇಗನೇ ಬಂತು, ಅನುಮಾನವೇ ಇಲ್ಲದಂತೆ ಬಂತು. ಆದರೆ ಬಣ್ಣ ಬರಲಿಲ್ಲ. ತುಟಿಯೂ ಬೂದು, ಕೆನ್ನೆಯೂ ಬೂದು. ಎಡಗೆನ್ನೆಯ ನೆರಳು ನೆರಳಿನಂತಿರದೆ, ಒಂದೇ ದಿಕ್ಕಿಗೆ ಓರೆಯಾಗಿ ಎಳೆದ ಸಣ್ಣಸಣ್ಣ ಗೆರೆಗಳಾಗಿ ಕಂಡಿತು. ಕಣ್ಣಿನಲ್ಲಿ ನೀರು ತುಂಬಿದ, ಬಲಗಿವಿ ಒಂದಿಷ್ಟು ಹೊರಕ್ಕೆ ಚಾಚಿದ ಚಂದದ ಹುಡುಗ. ರಕ್ಷಿತವ್ವ ಕುರ್ಚಿಯಿಂದ ಅರ್ಧ ಎದ್ದು, "ಇವನ ರೀ, ಇವನ ನನ್ನ ತಿಪ್ಪಣ್ಣ" ಎಂದು ಪರದೆಗೆ ಕೈ ಚಾಚಿದಳು. ಇಂಚರಾ ಬಣ್ಣದ ಜೋಡಣೆಯನ್ನು ಎರಡು ಸಲ ತಪಾಸಣೆ ಮಾಡಿಸಿದಳು, ಕೆಟ್ಟದ್ದೇನೂ ಸಿಗಲಿಲ್ಲ. ಹಳೆಯ ನೆನಪು, ಬಣ್ಣ ಮಾಸಿರಬೇಕು ಎಂದುಕೊಂಡು ಮುಖವನ್ನು ಪಟ್ಟಿಗೆ ಕಳಿಸಿದಳು. ಗೆರೆಗಳ ಬಗ್ಗೆ ಆಗಲೇ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ತಾಯಿ ಗುರುತು ಹಿಡಿದ ಮೇಲೆ ಇನ್ನೇನು ಎಂದು ಯಾರಿಗಾದರೂ ಅನ್ನಿಸುವುದೇ.

ಅಂದೇ ಮುಖ ತಾಳೆಯಾಯಿತು. ಗದಗಿನಲ್ಲಿ ಸೌರಫಲಕ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಸೃಜನ ಪತ್ತಾರ ಎಂಬಾತ, ವಯಸ್ಸು ಮೂವತ್ತೆಂಟು. ಕಿವಿ ಕೂಡ ಅದೇ. ರಕ್ಷಿತವ್ವ ಖಾನಾವಳಿಗೆ ಬೀಗ ಹಾಕಿದಳು, ಅಂದಾಜಿನ ಮೇಲೆ ಅಂಗಿ ಹೊಲಿಸಿದಳು, ಓಣಿಗೆಲ್ಲ ಹೋಳಿಗೆ ಹಂಚಿದಳು. ಆ ಸೃಜನ ಮಾತ್ರ ಫೋನಿನಲ್ಲಿ ಕಕ್ಕಾಬಿಕ್ಕಿಯಾದ. ತನ್ನ ಅಪ್ಪ ಯಾರು, ಅವ್ವ ಯಾರು ಎಂದು ತನಗೆ ಚೆನ್ನಾಗಿ ಗೊತ್ತು, ತಾನು ಯಾವತ್ತೂ ಕಳೆದುಹೋದವನಲ್ಲ ಎಂದ. ಹಾಗಿದ್ದರೂ ಮುದುಕಿಯ ಸಮಾಧಾನಕ್ಕೆ ವಂಶವಾಹಿ ಪರೀಕ್ಷೆಗೆ ಎಂಜಲು ಕೊಟ್ಟ. ಇಬ್ಬರಿಗೂ ಯಾವ ಸಂಬಂಧವೂ ಇಲ್ಲ ಎಂದು ಫಲಿತಾಂಶ ಬಂತು.

ರಕ್ಷಿತವ್ವ ಒಪ್ಪಲಿಲ್ಲ. ತಪ್ಪು ಎಂಜಲು ನೋಡುವ ಯಂತ್ರದ್ದು ಎಂದಳು. ಆ ಪತ್ತಾರರು ಮಗುವನ್ನು ಎತ್ತಿಕೊಂಡು ಹೋಗಿ ಸಾಕಿರಬೇಕು, ನೀವೇ ಹೋಗಿ ಅವನ ಕಿವಿ ನೋಡಿ ಬನ್ನಿ ಎಂದು ಇಂಚರಾಳ ಕೈ ಹಿಡಿದು ಬೇಡಿಕೊಂಡಳು. ತನ್ನ ಯಂತ್ರ ಇಷ್ಟು ಖಚಿತವಾಗಿ ತಪ್ಪಿದ್ದು ಹೇಗೆ ಎಂಬ ಚಿಂತೆ ಇಂಚರಾಳಿಗೂ ಹತ್ತಿತ್ತು. ಮರುದಿನವೇ ಗದಗಿಗೆ ಹೋದಳು.

ಸೃಜನ ಮಾತಿನ ಮನುಷ್ಯನಲ್ಲ. ಚಹಾ ತರಿಸಿದ, ಪರದೆಯಲ್ಲಿ ಮೂಡಿದ ಮುಖದ ನಕಲನ್ನು ಕೈಗೆ ತೆಗೆದುಕೊಂಡ, ಬಹಳ ಹೊತ್ತು ನೋಡಿದ. ಆಮೇಲೆ ಇದು ತನ್ನ ಅಪ್ಪನ ಕೈಬರಹ ಎಂದ. ಇಂಚರಾಳಿಗೆ ಅರ್ಥವಾಗಲಿಲ್ಲ. ಅವನ ತಂದೆ ಮೌನೇಶ ಪತ್ತಾರ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಒಂದೇ ಕೋಣೆಯ ಅಂಗಡಿ ಇಟ್ಟಿದ್ದ ಭಾವಚಿತ್ರಗಾರ. ಸತ್ತ ಹಿರಿಯರ ಚಿತ್ರ ಬರೆದು ಚೌಕಟ್ಟು ಹಾಕಿ ಕೊಡುವುದು ಅವನ ಹೊಟ್ಟೆಪಾಡು. ಪೊಲೀಸರಿಗೆ ಬೇಕಾದಾಗ, ಕಂಡವರ ಬಾಯಿಮಾತು ಕೇಳಿ ಕಳ್ಳರ ಮುಖ, ಕಳೆದುಹೋದವರ ಮುಖ ಬರೆದುಕೊಡುವುದೂ ಇತ್ತು. ಅವನು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಸೃಜನ ಅಟ್ಟದಿಂದ ಒಂದು ಬಟ್ಟೆಯ ಗಂಟು ಇಳಿಸಿ ಬಿಚ್ಚಿದ.

ಒಳಗೆ ಪೆನ್ಸಿಲ್ ಚಿತ್ರಗಳು. ಎಲ್ಲ ಮುಖಗಳೇ. ಮುದುಕರು, ಹೆಂಗಸರು, ಮೀಸೆಯ ಗಂಡಸರು, ಅವುಗಳ ಕೆಳಗೆ ಹುಡುಗರು. ಗೆರೆ ಎಳೆದು, ಹಳೆಯ ಧೋತರದ ಚೂರಿನಿಂದ ತಿಕ್ಕಿ ನೆರಳು ಮಾಡಿ, ಬೆಳಕು ಬೇಕಾದ ಕಡೆ ಬ್ರೆಡ್ಡಿನ ಉಂಡೆಯಿಂದ ಒರೆಸಿ ತೆಗೆದ ಕೆಲಸ. ಇಂಚರಾ ಒಂದೊಂದೇ ತಿರುವಿದಳು. ಒಬ್ಬ ಹುಡುಗನಿಗೆ ಗುಂಗುರು ಕೂದಲು, ಇನ್ನೊಬ್ಬನಿಗೆ ಚಪ್ಪಟೆ ಮೂಗು, ಮತ್ತೊಬ್ಬನಿಗೆ ಉಬ್ಬು ಹಲ್ಲು. ಆದರೆ ಎಲ್ಲರಿಗೂ ಅದೇ ಹೊರಚಾಚಿದ ಬಲಗಿವಿ, ಎಲ್ಲರಿಗೂ ಎಡಗೆನ್ನೆಯ ಮೇಲೇ ನೆರಳು. ಅವಳು ತಲೆ ಎತ್ತಿ ಸೃಜನನ ಕಿವಿ ನೋಡಿದಳು.

"ಯಾವ ಹುಡುಗನ ಚಿತ್ರ ಬರೀಬೇಕಾದ್ರೂ ಅಪ್ಪ ನನ್ನ ಕಿಡಕಿ ಹತ್ರ ಕುಂದರಿಸ್ತಿದ್ದ," ಎಂದ ಸೃಜನ. "ಬೆಳಕು ಎಲ್ಲಿ ಬೀಳ್ತದ, ನೆಳ್ಳು ಎಲ್ಲಿ ಬೀಳ್ತದ ನೋಡಾಕ. ಮೂಗು ಅವರು ಹೇಳಿದ್ದು, ಕೂದಲು ಅವರು ಹೇಳಿದ್ದು. ಕೂತಾವ ಮಾತ್ರ ನಾನ."

ಅದರಲ್ಲಿ ಮೋಸವೇನೂ ಇಲ್ಲ. ಮುಖ ಬರೆಯುವವರೆಲ್ಲ ಹಾಗೇ ಮಾಡುತ್ತಾರೆ. ಕಣ್ಣೆದುರು ಒಂದು ತಲೆಬುರುಡೆ ಇಲ್ಲದೆ ಬರೀ ಮಾತಿನಿಂದ ಮುಖ ಎದ್ದುಬರುವುದಿಲ್ಲ. ಮಗ ಕಳೆದ ಮೇಲೆ ರಕ್ಷಿತವ್ವ ಚಿತ್ರ ಬರೆಸಲು ಅಂಗಡಿಗೆ ಬಂದ ದಿನ ಸೃಜನನಿಗೆ ನೆನಪಿತ್ತು. ಅವಳಿಂದ ಮಾತೇ ಹೊರಡುತ್ತಿರಲಿಲ್ಲವಂತೆ. ಮೂಗು ಹೇಗಿತ್ತು ಎಂದರೆ ಚಂದಿತ್ತು, ಕಣ್ಣು ಹೇಗಿತ್ತು ಎಂದರೆ ಚಂದಿತ್ತು. ಮೌನೇಶ ಬರೆದ, ಅಳಿಸಿದ, ಮತ್ತೆ ಬರೆದ. ಯಾವುದನ್ನು ತೋರಿಸಿದರೂ ಅವಳು ತಲೆ ಅಲ್ಲಾಡಿಸುತ್ತಿದ್ದಳು. ಸಂಜೆಯಾಗುತ್ತ ಬಂದಿತ್ತು. ಆರು ವರ್ಷದ ಸೃಜನನಿಗೆ ಹೊರಗೆ ಓಣಿಯ ಹುಡುಗರ ಆಟ ಕೇಳಿಸುತ್ತಿತ್ತು. ಅಲ್ಲಾಡಬೇಡ ಎಂದು ಅಪ್ಪ ಗದರಿದಾಗ ಅವನ ಕಣ್ಣಲ್ಲಿ ನೀರು ಬಂತು. ಆ ಹೊತ್ತಿಗೆ ಮೌನೇಶನ ಕೈ ಸಲೀಸಾಗಿ ಓಡಿತು. ಚಿತ್ರಕ್ಕೆ ಜೀವ ಬಂತು.

"ಆ ಯಮ್ಮ ನನ್ನ ಕಡೆ ಒಮ್ಮೆನೂ ನೋಡ್ಲಿಲ್ರಿ," ಎಂದ ಅವನು. "ನಾ ಅಲ್ಲೇ ಕೂತಿದ್ದೆ. ಹಾಳಿ ಕಿತ್ತುಕೊಂಡು ಎದಿಗೆ ಅವುಚಿಕೊಂಡ್ಲು, ಇವನ ಅಂದ್ಲು. ಅಪ್ಪ ಏನೋ ಹೇಳಾಕ ಹೋದ, ಆದ್ರ ಅಕಿ ಅಳೂದು ನೋಡಿ ಸುಮ್ಮನಾದ."

ಹುಬ್ಬಳ್ಳಿಗೆ ವಾಪಸು ಬರುವ ದಾರಿಯಲ್ಲಿ ಇಂಚರಾ ಎಲ್ಲವನ್ನೂ ಜೋಡಿಸಿಕೊಂಡಳು. ಆ ಹೆಂಗಸು ಅಂದು ಗುರುತು ಹಿಡಿದದ್ದು ಹೋಲಿಕೆಯನ್ನಲ್ಲ, ಜೀವವನ್ನು. ಅಳುಮೋರೆಯ ಒಂದು ಮಗು ತನ್ನನ್ನು ನೋಡುತ್ತಿದೆ ಎನ್ನುವುದನ್ನು. ಆಮೇಲೆ ಆ ಚಿತ್ರ ಖಾನಾವಳಿಯ ಗೋಡೆ ಏರಿತು. ಅದಕ್ಕೆ ಹಾರ ಹಾಕಲಿಲ್ಲ, ಹಾರ ಸತ್ತವರಿಗೆ. ದಿನಾ ದೀಪ ಹಚ್ಚಿದಾಗ ಅದನ್ನು ನೋಡುವಳು. ಮಗನನ್ನು ನೆನೆದಾಗೆಲ್ಲ ಅದನ್ನೇ ನೋಡುವಳು. ನೆನಪೆಂದರೆ ಟ್ರಂಕಿನಲ್ಲಿ ಮಡಿಸಿಟ್ಟ ಸೀರೆಯಲ್ಲ. ಪ್ರತಿ ಸಲ ನೆನೆದಾಗಲೂ ಮಿದುಳು ಅದನ್ನು ಮೊದಲಿನಿಂದ ಕಟ್ಟುತ್ತದೆ, ಕಟ್ಟುವಾಗ ಕೈಗೆ ಹತ್ತಿರವಿದ್ದ ಸಾಮಾನು ಸೇರಿಸುತ್ತದೆ, ಹಾಗೆ ಕಟ್ಟಿದ್ದನ್ನೇ ಮತ್ತೆ ಎತ್ತಿಡುತ್ತದೆ. ಇದು ಇಂಚರಾ ಓದದ ಸಂಗತಿಯಲ್ಲ, ಅವಳೇ ಪಾಠ ಹೇಳಿದ್ದು. ಆದರೆ ಒಬ್ಬ ತಾಯಿಯ ತಲೆಯೊಳಗೆ ಮಗನ ಮುಖ ಪೂರ್ತಿ ಅಳಿಸಿ, ಅಲ್ಲಿ ಪೆನ್ಸಿಲ್ಲಿನ ಗೆರೆಗಳು ಮಾತ್ರ ಉಳಿದದ್ದನ್ನು ಕಣ್ಣಾರೆ ಕಂಡಮೇಲೆ ಆ ಪಾಠ ಬೇರೆಯೇ ಆಗಿತ್ತು.

ಹೇಳಲೋ ಬೇಡವೋ ಎಂದು ಅವಳು ಒದ್ದಾಡಿದಳು. ಸುಳ್ಳು ಹೇಳುವುದು ಸುಲಭವಿತ್ತು; ಪಟ್ಟಿಯಲ್ಲಿ ಸಿಗಲಿಲ್ಲ ಎಂದರೆ ಮುಗಿಯಿತು, ರಕ್ಷಿತವ್ವ ಇನ್ನುಳಿದ ಕಾಲ ಗೋಡೆಯ ಚಿತ್ರ ನೋಡಿಕೊಂಡು ಕಳೆಯುತ್ತಿದ್ದಳು. ಆದರೆ ಅವಳು ಮಗನನ್ನು ಹುಡುಕುವುದನ್ನು ಬಿಡುವವಳಲ್ಲ, ಹುಡುಕಿದಷ್ಟೂ ತಪ್ಪು ಮುಖವನ್ನೇ ಹುಡುಕುವಳು. ಖಾನಾವಳಿಗೇ ಹೋಗಿ, ಊಟದ ಗದ್ದಲ ಮುಗಿಯುವತನಕ ಕಾದು ಕೂತು, ನಡೆದದ್ದನ್ನೆಲ್ಲ ಹೇಳಿದಳು. ರಕ್ಷಿತವ್ವ ಒಂದು ಸಲ ಚಿತ್ರದ ಕಡೆ ನೋಡಿದಳು, ಆಮೇಲೆ ನೋಡಲಿಲ್ಲ. ಒಲೆಯ ಮೇಲಿನ ಹಂಚು ಇಳಿಸಿದಳು, ಕೈ ತೊಳೆದಳು, ಬಂದು ಎದುರಿಗೆ ಕೂತಳು. ಮೇಡಮ್ಮಾರ ಎನ್ನುತ್ತಿದ್ದವಳ ಬಾಯಲ್ಲಿ ಅಂದು ಬೇರೆ ಮಾತು ಬಂತು.

"ಒಬ್ಬ ಬಂದಿದ್ದ, ತಂಗಿ."

ಹದಿನೇಳು ವರ್ಷದ ಹಿಂದಿನ ಮಾತು. ಇಪ್ಪತ್ತರ ಒಬ್ಬ ಹುಡುಗ ಬಂದು ಊಟಕ್ಕೆ ಕೂತಿದ್ದ. ಊಟ ಮುಗಿಸಿಯೂ ಏಳಲಿಲ್ಲ. ತಾನು ಸೋಲಾಪುರದ ಅನಾಥಾಲಯದಲ್ಲಿ ಬೆಳೆದವನು, ಸಣ್ಣವನಿದ್ದಾಗ ರೈಲಿನಲ್ಲಿ ಸಿಕ್ಕವನಂತೆ, ಮುಗಿಯದಷ್ಟು ಉದ್ದದ ಒಂದು ಪ್ಲಾಟ್‌ಫಾರ್ಮು ಮತ್ತು ರೊಟ್ಟಿ ಬಡಿಯುವ ಸದ್ದು ಇವೆರಡು ಬಿಟ್ಟರೆ ತನಗೆ ಏನೂ ನೆನಪಿಲ್ಲ ಎಂದ. ಇಲ್ಲಿ ಒಬ್ಬ ತಾಯಿ ಮಗನನ್ನು ಕಳೆದುಕೊಂಡಿದ್ದಾಳೆ ಎಂದು ಕೇಳಿ ಬಂದಿದ್ದ. ಆ ಮೊದಲೂ ಅಂಥವರು ಇಬ್ಬರು ಮೂವರು ಬಂದು, ಸುಳ್ಳು ಹೇಳಿ ಅವಳ ಹೊಟ್ಟೆ ಉರಿಸಿ ಹೋಗಿದ್ದರು. ರಕ್ಷಿತವ್ವ ಗೋಡೆಯಿಂದ ಚಿತ್ರ ತೆಗೆದು ಅವನ ಮುಖದ ಪಕ್ಕ ಹಿಡಿದಳು. ಬಲಗಿವಿ ನೋಡಿದಳು. ಕಿವಿ ತಲೆಗೆ ಅಂಟಿಕೊಂಡಿತ್ತು.

"ನೀ ಅಲ್ಲಪ್ಪಾ ಅಂದೆ," ಎಂದಳು. "ರಕ್ತ ಕೊಡ್ತೀನಿ, ನೋಡ್ಸ್ರಿ ಅಂದ. ಬ್ಯಾಡ, ನನ್ನ ಮಗ ನನಗ ಗೊತ್ತಿಲ್ಲೇನು ಅಂದೆ. ಸರಿ ಅವ್ವಾ ಅಂತ ಎದ್ದು ಹೋದ." ಸೆರಗಿನಿಂದ ಕಣ್ಣು ಒರೆಸಿಕೊಂಡು, "ಚಿತ್ರ ಹಿಡಿದು ನೋಡಿದ್ನೇ ಹೊರತು, ಅವನ ಮುಖ ನಾ ನೋಡ್ಲೇ ಇಲ್ಲ ತಂಗಿ" ಎಂದಳು. ಇಂಚರಾಳೂ ಅತ್ತಳು, ಆ ಹುಡುಗನನ್ನು ನೆನೆಸಿಕೊಂಡು ಮತ್ತೊಮ್ಮೆ ಕುಲಾಯಿ ಹಾಕಿಸಿಕೊಳ್ಳಿ ಎಂದಳು.

ನೋಡಿದ್ದಳು. ಕುಲಾಯಿ ಅದನ್ನು ಹೊರತೆಗೆಯಿತು. ಆ ಹುಡುಗನನ್ನು ಅವಳು ಆಮೇಲೆ ನೆನೆಸಿಕೊಂಡದ್ದೇ ಇಲ್ಲ, ಅವನ ಚಿತ್ರ ಎಲ್ಲೂ ಇರಲಿಲ್ಲ. ಹಾಗಾಗಿ ಒಂದೇ ಸಲ ಕಂಡ ಆ ಮುಖ ಯಾವ ಕೈಯೂ ತಾಗದೆ ಒಳಗೆ ಉಳಿದಿತ್ತು. ಅಂಚುಗಳು ಮಸುಕು, ಆದರೆ ಬಣ್ಣ ಇತ್ತು. ಚಿಗುರುಮೀಸೆಗೆ ಮಜ್ಜಿಗೆ ಹತ್ತಿತ್ತು. ಕಣ್ಣು ಅವಳನ್ನೇ ನೋಡುತ್ತಿತ್ತು, ಒಳ್ಳೆಯ ಸುದ್ದಿ ಬರುತ್ತದೆಂದು ಕಾದವರ ಕಣ್ಣು. ರಕ್ಷಿತವ್ವ ಈ ಸಲ ಕೈ ಚಾಚಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪರದೆ ಆರುವತನಕ ನೋಡಿದಳು.

ಮುಖಪಟ್ಟಿಯಲ್ಲಿ ಅವನು ಸಿಕ್ಕ. ಹೆಸರು ಸಾಗರ, ಅನಾಥಾಲಯದವರು ಇಟ್ಟದ್ದು. ಸೋಲಾಪುರದಲ್ಲಿ ಚಾದರ ನೇಯುವ ಮಿಲ್ಲೊಂದರಲ್ಲಿ ಕೆಲಸ. ಒಮ್ಮೆ ಹೋಗಿ ಬಂದಿದ್ದೇನಲ್ಲ, ಮತ್ತೆ ಯಾಕೆ ಎಂದು ಮೊದಲು ಕೇಳಿದನಂತೆ. ಎರಡು ವಾರ ಬಿಟ್ಟು ತಾನಾಗಿಯೇ ಎಂಜಲು ಕಳಿಸಿಕೊಟ್ಟ. ಅವನು ರಕ್ಷಿತವ್ವನ ಮಗನೇ ಆಗಿದ್ದ.

ಹಳೆಯ ಕಥೆಯಾಗಿದ್ದರೆ ಇಲ್ಲಿಗೆ ಮುಗಿಸಿ ಕೈ ತೊಳೆದುಕೊಳ್ಳಬಹುದಿತ್ತು. ತಾಯಿ ಮಗ ಕೇಂದ್ರದಲ್ಲೇ ಭೇಟಿಯಾದರು. ಅವನು ಅವಳ ಕಾಲು ಮುಟ್ಟಿ ನಮಸ್ಕರಿಸಿದ. ಹದಿನೇಳು ವರ್ಷದ ಹಿಂದಿನ ಮಾತು ಎತ್ತಿ ಒಂದು ನಿಷ್ಠುರವನ್ನೂ ಆಡಲಿಲ್ಲ. ಅವತ್ತು ನೀವು ನನಗೆ ಮಜ್ಜಿಗೆ ಎರಡು ಸಲ ಹಾಕಿದ್ದಿರಿ ಎಂದು ಮಾತ್ರ ನೆನಪಿಸಿದ. ಅವ್ವನಿಗೆ ಯಾರಾದರೂ ನೀವು ಅನ್ನುತ್ತಾರೆಯೇ? ಆ ಸೀಮೆಯಲ್ಲಂತೂ ಇಲ್ಲ. ರಕ್ಷಿತವ್ವ ಅದನ್ನು ಕೇಳಿಸಿಕೊಂಡು, ಹಂಗೇ ಇರಲಿ ಎನ್ನುವ ಹಾಗೆ ತಲೆ ಆಡಿಸಿದಳು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಯಿಂದ ಗಲ್ಲದವರೆಗೆ ಸವರಿದಳು. ಅವನು ಸಂಕೋಚದಿಂದ ಕೂತಿದ್ದ. ಮಾತು ಬೇಗ ಮುಗಿದುಹೋಯಿತು.

ಹೊರಡುವ ಮೊದಲು ಅವನು ಇಂಚರಾಳ ಬಳಿ ಬಂದು ಒಂದು ಬೇಡಿಕೆ ಇಟ್ಟ.

"ನನ್ನ ಮಗಗ ಈಗ ಐದು ವರ್ಷ. ಅವ ಯಾರಂಗ ಅದಾನ ಅಂತ ಮಂದಿ ಕೇಳ್ತಾರ. ನಾ ಅಷ್ಟಿದ್ದಾಗ ಹೆಂಗಿದ್ದೆ, ಅದೊಂದು ನೋಡಬೇಕಿತ್ತು. ಇದರಾಗ ಬರ್ತದಂತಲ್ರಿ?"

ಇಂಚರಾ ಉತ್ತರ ಕೊಡುವ ಮೊದಲೇ ರಕ್ಷಿತವ್ವ ಹೋಗಿ ಕುರ್ಚಿಯಲ್ಲಿ ಕೂತಿದ್ದಳು. ಬೇಡ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಕುಲಾಯಿ ಹಾಕಿದರು. ಬೂದು ಹಣೆ ಬಂತು, ಓರೆ ಗೆರೆಗಳು ಬಂದವು, ಹೊರಚಾಚಿದ ಕಿವಿ ಬಂತು. ರಕ್ಷಿತವ್ವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಆ ಮುಖವನ್ನು ಅತ್ತ ನೂಕಲು ನೋಡಿದಳು. ಅವಳ ಕೊರಳಿನ ನರ ಉಬ್ಬಿತು. ಪರದೆ ಒಮ್ಮೆ ಖಾಲಿಯಾಯಿತು, ಖಾಲಿಯೇ ಉಳಿಯಿತು, ಆಮೇಲೆ ಅದೇ ಹುಡುಗ ಅದೇ ನೀರುಗಣ್ಣಿನಿಂದ ಮತ್ತೆ ಬಂದ.

"ನಡುವಿನ ಮ್ಯಾಲೆ ಅವನ ಭಾರ ನೆನಪೈತಿ," ಎಂದಳು ಅವಳು, ಕಣ್ಣು ತೆರೆಯದೆ. "ತಲಿ ವಾಸನಿ ನೆನಪೈತಿ. ಮುಖ ಬರವಲ್ದು ನೋಡ್ರಿ."

ಸಾಗರ ಪರದೆಯ ಹತ್ತಿರ ಹೋಗಿ ನಿಂತ. ಇವನು ಯಾರು ಎಂದು ಕೇಳಿದ. ಚಿತ್ರಗಾರನ ಮಗ ಎಂದು ಇಂಚರಾ ಹೇಳಿದಳು. ಅವನು ಇನ್ನೂ ಸ್ವಲ್ಪ ಹೊತ್ತು ನೋಡಿ, "ಚಂದ ಅದಾನ" ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವನ ಐದು ವರ್ಷದ ಮುಖ ಈ ಭೂಮಿಯ ಮೇಲೆ ಎಲ್ಲೂ ಇಲ್ಲ ಎನ್ನುವುದು ಆಗ ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಇದ್ದದ್ದು ಒಂದೇ ಕಡೆ, ಅಲ್ಲಿ ಈಗ ಬೇರೆಯವನು ಕೂತಿದ್ದ. ಸಮಾಧಾನಕ್ಕೆಂದು ಅವನು ಜೇಬಿನಿಂದ ಫೋನು ತೆಗೆದು, ಮಗನ ಫೋಟೋ ತೋರಿಸುತ್ತೇನೆ ಎಂದು ತಾಯಿಯ ಕಡೆ ತಿರುಗಿದ. ರಕ್ಷಿತವ್ವ ಹೌಹಾರಿ ಮುಖ ತಿರುಗಿಸಿಬಿಟ್ಟಳು.

"ಬ್ಯಾಡಪ್ಪಾ. ಫೋಟೋ ಬ್ಯಾಡ. ನಾ ಬಂದು ನೋಡ್ತೀನಿ."

ಹೋಗಿ ನೋಡಿ ಬಂದಳು. ಮೊಮ್ಮಗ ಗುಣವಂತ, ಕೈಯಾರೆ ಉಣಿಸಿದೆ ಎಂದಳು. ಯಾರನ್ನು ಹೋಲುತ್ತಾನೆ ಎಂದು ಇಂಚರಾ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗೋಡೆಯ ಚಿತ್ರವನ್ನು ಗದಗಿಗೆ, ಅದು ಯಾರದೋ ಅವನಿಗೆ ಕಳಿಸಿಬಿಟ್ಟಳಂತೆ.

ಅಲ್ಲಿಂದ ಮುಂದೆ ಕೇಂದ್ರದಲ್ಲಿ ಕುಲಾಯಿ ಹಾಕುವ ಮೊದಲು ಹೊಸ ಪ್ರಶ್ನೆ ಬಂತು: ನೆನೆಸಿಕೊಳ್ಳಬೇಕಾದವರ ಚಿತ್ರ, ಫೋಟೋ, ವಿಡಿಯೋ ಏನಾದರೂ ನಿಮ್ಮಲ್ಲಿದೆಯೇ? ಇದೆ ಎಂದವರ ನೆನಪನ್ನು ಇಂಚರಾ ಬೇರೆಯಾಗಿ ತೆಗೆದು ನೋಡತೊಡಗಿದಳು. ಒಬ್ಬರ ಗಂಡ ಮದುವೆಯ ಆಲ್ಬಮ್ಮಿನ ಬೆಳಕಿನಲ್ಲೇ ಬಂದ. ಇನ್ನೊಬ್ಬರ ಅಜ್ಜನಿಗೆ ಎಡಗಿವಿ ಇರಲೇ ಇಲ್ಲ, ಚೌಕಟ್ಟಿಗೆ ಕತ್ತರಿಸಿದಲ್ಲಿಗೆ ಮುಖ ಮುಗಿದಿತ್ತು. ಒಂದು ದಿನ ಇಂಚರಾ ತಾನೇ ಕುಲಾಯಿ ಹಾಕಿಕೊಂಡು, ತನ್ನ ತಂದೆಯನ್ನು ನೆನೆಸಿಕೊಂಡು ಕೂತಳು. ತಂದೆ ಬಂದರು, ಕನ್ನಡಕದ ಮೇಲೆ ಫ್ಲ್ಯಾಶಿನ ಬಿಳಿ ಚುಕ್ಕೆಯ ಸಮೇತ. ಅವರ ಹತ್ತು ಸಾವಿರ ಫೋಟೋ ಅವಳ ಬಳಿ ಇದ್ದವು. ಆ ಕನ್ನಡಕದ ಹಿಂದಿನ ಕಣ್ಣು ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ಬೈಯುತ್ತಿದ್ದ ಅಕ್ಕನನ್ನು ಬಣ್ಣದಲ್ಲಿ ಕಂಡ ಆ ಕಂಡಕ್ಟರು ಅದೃಷ್ಟವಂತರು. ಬಡತನಕ್ಕೋ ಉದಾಸೀನಕ್ಕೋ ಆ ಅಕ್ಕನ ಚಿತ್ರವನ್ನು ಯಾರೂ ತೆಗೆದಿರಲಿಲ್ಲ. ಅಂಥ ಪುಣ್ಯವಂತರು ದೇಶದಲ್ಲಿ ಇನ್ನು ಹುಟ್ಟುವುದಿಲ್ಲ.

ಆ ಸಂಜೆ ಇಂಚರಾ ಮನೆಗೆ ಹೋದಾಗ ಅವಳ ಒಂಬತ್ತು ವರ್ಷದ ಮಗಳು ಊಟದ ಮೇಜಿನ ಬಳಿ ಕೂತು ಏನೋ ಬರೆಯುತ್ತಿದ್ದಳು. ಇಂಚರಾ ಚಪ್ಪಲಿ ಬಿಟ್ಟು, ಎದುರಿನ ಕುರ್ಚಿಯಲ್ಲಿ ಕೂತು, ಮಗಳ ಮುಖವನ್ನೇ ನೋಡತೊಡಗಿದಳು. ಹುಡುಗಿ ತಲೆ ಎತ್ತಿದಳು. ಅಮ್ಮ ಹಾಗೆ ದಿಟ್ಟಿಸುವುದನ್ನು ಕಂಡ ಕೂಡಲೇ ಕತ್ತು ಒಂದು ಕಡೆ ವಾಲಿಸಿ, ಹಲ್ಲು ಕಾಣುವಷ್ಟೇ ನಕ್ಕು, ಅಲ್ಲಾಡದೆ ಕೂತಳು. ಫೋಟೋ ತೆಗೀತಿಲ್ಲ, ಸುಮ್ಮನೆ ನೋಡ್ತಿದ್ದೀನಿ ಎಂದಳು ಇಂಚರಾ. ಮಗಳ ನಗು ನಿಂತಿತು. ಆಮೇಲೆ ತನ್ನ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.